ಬಲಗಿವಿಗೆ ಎರಡು ಸೀಳು

ರೇಣುಕಾದೇವಿ ಬರೆಯುತ್ತಾಳೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಏನು ಬರೆಯುತ್ತಾಳೆಂದು ಮಾತ್ರ ಒಬ್ಬರೂ ಕೇಳಿರಲಿಲ್ಲ. ಅತ್ತೆ ಮಲ್ಲಿಕಮ್ಮನ ಪ್ರಕಾರ ಅದು ಎಲೆ ಅಡಿಕೆಯಂಥ ಒಂದು ಚಟ. ಎಲೆ ಹಾಕಿದರೆ ಬಾಯಿಯಾದರೂ ಕೆಂಪಾಗುತ್ತದೆ, ಇದರಿಂದ ಹಂಚಿನ ಮೇಲಿನ ರೊಟ್ಟಿ ಕಪ್ಪಾಗುವುದು ಬಿಟ್ಟರೆ ಬೇರೇನೂ ಇಲ್ಲ ಎಂದು ಅವಳು ಓಣಿಯವರ ಮುಂದೆಲ್ಲ ಹೇಳುತ್ತಿದ್ದಳು.

ಆ ಮನೆ ನಡೆಯುತ್ತಿದ್ದುದೇ ರೊಟ್ಟಿ ಮತ್ತು ಕುರಿಯಿಂದ. ಭೀಮರಾಯನಗುಡಿಯ ಕಾಲೇಜು ಹುಡುಗರು ಉಣ್ಣುವ ಖಾನಾವಳಿಗೆ ದಿನಾ ನೂರೈವತ್ತು ಜೋಳದ ರೊಟ್ಟಿ ಇವರ ಮನೆಯಿಂದ ಹೋಗಬೇಕು. ಮಾವ ಮರಿಲಿಂಗಪ್ಪನದು ಅರವತ್ತು ಕುರಿಗಳ ಹಿಂಡು. ಗಂಡ ಶಿವಶರಣ ಕಡೇಚೂರಿನ ಫ್ಯಾಕ್ಟರಿಯೊಂದರಲ್ಲಿ ದುಡಿಯುತ್ತ, ಸೈದಾಪುರದಲ್ಲಿ ರೂಮು ಮಾಡಿಕೊಂಡು, ಶನಿವಾರ ಸಂಜೆ ಮನೆಗೆ ಬಂದು ಸೋಮವಾರ ನಸುಕಿಗೆ ಹೋಗುವವನು. ನಾಲ್ಕು ತಿಂಗಳಿಂದ ಈ ನಾಲ್ವರ ಜೊತೆಗೆ ಗಂಗಾ ಸೇರಿದ್ದಳು. ಶಿವಶರಣನ ತಂಗಿ, ಗಂಡನ ಮನೆ ಬಿಟ್ಟು ಬಂದವಳು.

ಅಡುಗೆಮನೆಯ ಗೋಡೆಗೆ ಹೋದ ವರ್ಷದ ಕ್ಯಾಲೆಂಡರ್ ಹಿಂದುಮುಂದಾಗಿ ತೂಗುತ್ತಿತ್ತು. ಅದರ ಖಾಲಿ ಬೆನ್ನಿನ ಮೇಲೆ ರೇಣುಕಾದೇವಿ ಪತ್ರಿಕೆಗಳ ವಿಳಾಸ ಬರೆದಿದ್ದಳು. ಯಾರಿಗೆ ಕವಿತೆ ಬೇಕು, ಯಾರಿಗೆ ಸಾವಿರ ಪದದ ಒಳಗಿನ ಕಥೆ ಬೇಕು, ಯಾರು ದೀಪಾವಳಿಗೆ ಮಾತ್ರ ತಗೊಳ್ಳುತ್ತಾರೆ, ಎಲ್ಲ ಅಲ್ಲಿತ್ತು. ಪಕ್ಕದಲ್ಲಿ ಎರಡು ಗೆರೆ ಎಳೆದು ಒಂದಕ್ಕೆ 'ಹೋಗಿದ್ದು' ಎಂದೂ ಇನ್ನೊಂದಕ್ಕೆ 'ಬಂದಿದ್ದು' ಎಂದೂ ಹೆಸರಿಟ್ಟಿದ್ದಳು. ಎರಡನೆಯದು ಇನ್ನೂ ಖಾಲಿ ಇತ್ತು.

"ಎಷ್ಟು ಕಡಿ ಕಳಿಸೀದಿ ಈಗ?" ಒಂದು ಶನಿವಾರ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದುತ್ತ ಶಿವಶರಣ ಕೇಳಿದ.

"ಹದಿನೇಳು."

"ಎಷ್ಟು ಕಡಿಂದ ಒಪ್ಪಿಗಿ ಬಂತು?"

"ಒಂದೂ ಇಲ್ಲ."

"ಹದಿನೇಳು ಮನಿಗೆ ಹೆಣ್ಣು ತೋರಿಸಿದ್ರ ಕುಂಟಿ ಆದ್ರೂ ಒಂದು ಕಡಿ ಗಟ್ಟಿ ಆಗತಿದ್ಲು."

ಮಲ್ಲಿಕಮ್ಮ ನಕ್ಕಳು. "ದನಾನರ ಕರದ್ರ ತಿರುಗಿ ನೋಡತಾವ. ಆ ಪೇಪರಿನವ್ರು ಹೂಂ ಅನ್ನಂಗಿಲ್ಲ, ಹೂಂಹೂಂ ಅನ್ನಂಗಿಲ್ಲ. ಎಂಥಾ ಮಂದಿ ಅವ್ರು?"

"ನಗಬ್ಯಾಡ್ರಿ," ಎಂದು ಗಂಗಾ ಒಲೆಯ ಮುಂದಿನಿಂದಲೇ ಅಂದಳು. "ವೈನಿ ಪಾಲಿನ ರೊಟ್ಟಿ ನಾ ಬಡದೀನಿ. ನಿಮಗೇನರ ಕಮ್ಮಿ ಬಿದ್ದಾವೇನು?"

ಅದು ನಿಜ. ಗಂಗಾ ಬಂದ ಮೇಲೆ ಮಧ್ಯಾಹ್ನದ ಒಂದು ತಾಸು ರೇಣುಕಾದೇವಿಗೆ ಬಿಡುವು ಸಿಗುತ್ತಿತ್ತು. ತನ್ನ ಪಾಲಿಗೆ ಸಿಕ್ಕ ಆ ತಾಸು ಯಾರದು ಎಂದು ಅವಳು ಎಂದಾದರೂ ಯೋಚಿಸಿದ್ದಳೋ ಇಲ್ಲವೋ, ನನಗೆ ಅನುಮಾನ.

ಖಾನಾವಳಿಯ ಪಕ್ಕದಲ್ಲಿ ಮುಬೀನಾಳ ಝೆರಾಕ್ಸ್ ಅಂಗಡಿ. ಇಬ್ಬರೂ ಶಹಾಪುರದಲ್ಲಿ ಪಿಯುಸಿ ಕೂಡಿ ಓದಿದವರು. ರೊಟ್ಟಿ ಬುಟ್ಟಿ ಇಳಿಸಿ ರೇಣುಕಾದೇವಿ ಅಲ್ಲಿ ಹೋಗಿ ಕೂತರೆ ಮುಬೀನಾ ಗಿರಾಕಿಗಳ ನಡುವೆಯೇ ಅವಳ ನೋಟ್‌ಬುಕ್ಕಿನಿಂದ ಟೈಪ್ ಮಾಡಿ ಕಳಿಸುವಳು. ಪತ್ರಿಕೆಗಳ ನಿಯಮಗಳು ಅವಳಿಗೆ ಬಾಯಿಪಾಠವಾಗಿದ್ದವು. ಕೈಬರಹದ ಫೋಟೋ ಕಳಿಸಬಾರದು. ಬೇರೆಲ್ಲೂ ಬಂದಿರಬಾರದು, ಫೇಸ್‌ಬುಕ್ಕಿನಲ್ಲೂ ಹಾಕಿರಬಾರದು. ಫೋನ್ ಮಾಡಿ ವಿಚಾರಿಸಬಾರದು. ಮೂರು ತಿಂಗಳು ಉತ್ತರ ಬಾರದಿದ್ದರೆ ಆಯ್ಕೆಯಾಗಿಲ್ಲವೆಂದು ತಿಳಿಯಬೇಕು. ಒಂದು ಕಡೆಯವರಂತೂ ಸಂಕಲನದಲ್ಲಿ ಕವಿತೆ ಹಾಕಲು ಐನೂರು ರೂಪಾಯಿ ಕೇಳಿದ್ದರು.

"ಅರೇ, ಕವಿತಾನೂ ನಿಂದು, ರೊಕ್ಕಾನೂ ನಿಂದು. ಇದ್ಯಾವ ಧಂದಾ?" ಎಂದು ಮುಬೀನಾ ಅದನ್ನು ಅಳಿಸಿ ಹಾಕಿದ್ದಳು.

ದೀಪಾವಳಿ ಕಳೆದು ಎರಡು ದಿನಕ್ಕೆ ಹದಿನೆಂಟನೆಯ ಕಡೆಯಿಂದ ಉತ್ತರ ಬಂತು. ಒಂದು ದಿನಪತ್ರಿಕೆಯ ಭಾನುವಾರದ ಪುರವಣಿ ಅದು. ಮುಬೀನಾ ಗಟ್ಟಿಯಾಗಿ ಓದಿದಳು. "ನಿಮ್ಮ ಭಾಷೆ ಚೆನ್ನಾಗಿದೆ. ಆದರೆ ಈ ಚಂದ್ರ, ಈ ತಾಯಿ, ಈ ಕಣ್ಣೀರು ಎಲ್ಲ ಊರಲ್ಲೂ ಇವೆ. ನಿಮ್ಮ ಊರು ಇದರಲ್ಲಿ ಕಾಣುವುದಿಲ್ಲ. ನೀವು ಮಾತ್ರ ಬಲ್ಲದ್ದನ್ನು ಬರೆದು ಕಳಿಸಿ."

ಬೇಡ ಎನ್ನಲೂ ಇಷ್ಟು ದಿನ ಯಾರೂ ಬಾಯಿ ಬಿಟ್ಟಿರಲಿಲ್ಲ. ರೇಣುಕಾದೇವಿ ಆ ನಾಲ್ಕು ಸಾಲುಗಳ ಪ್ರಿಂಟ್ ತೆಗೆಸಿಕೊಂಡು, ಮಡಚಿ, ರವಿಕೆಯೊಳಗೆ ಇಟ್ಟುಕೊಂಡು ಬಂದಳು. ನಾನು ಮಾತ್ರ ಬಲ್ಲದ್ದು ಏನಿದೆ ಎಂದು ದಾರಿಯುದ್ದಕ್ಕೂ ಯೋಚಿಸಿದಳು.

ಅದು ಮರುವಾರವೇ ಸಿಕ್ಕಿತು. ಮಲ್ಲಿಕಮ್ಮ ಜೋಳ ಬೀಸಿಸಲು ಗಿರಣಿಗೆ ಹೋಗಿದ್ದಳು. ಒಲೆಯ ಮುಂದೆ ಇಬ್ಬರೇ ಇದ್ದರು. ಗಂಗಾ ರೊಟ್ಟಿ ಬಡಿಯುತ್ತ, ತಾನಾಗಿಯೇ ಮಾತು ತೆಗೆದಳು.

"ವೈನಿ, ಆ ತ್ವಾಳ ಹಿಡದ ಕುರಿ ಐತಲ್ಲ, ಅದನ್ನ ತ್ವಾಳ ಹಿಡದಿಲ್ಲ."

"ಮತ್ತ?"

"ನಾನ ಮಾರಿದೆ."

ಗಂಗಾಳ ಮದುವೆಯಲ್ಲಿ ಮರಿಲಿಂಗಪ್ಪ ಹತ್ತು ಹೆಣ್ಣು ಕುರಿಗಳನ್ನು ಬಳುವಳಿ ಕೊಟ್ಟಿದ್ದ. ಬಳುವಳಿ ಕುರಿ ಹೆಣ್ಣುಮಗಳ ಸ್ವಂತದ್ದು, ಅವುಗಳ ಮರಿಯೂ ಅವಳದೇ. ಗಂಡನ ಮನೆಯ ಹಿಂಡಿನಲ್ಲಿ ಮೇದರೂ ಕಿವಿ ನೋಡಿದರೆ ಯಾರದೆಂದು ತಿಳಿಯುತ್ತದೆ. ಕುರಿಗಾರರಲ್ಲಿ ಮನೆಗೊಂದು ಕಿವಿಗುರುತು. ಮರಿ ತಿಂಗಳದ್ದಾದಾಗ ಕತ್ತರಿಯಿಂದ ಮಾಡುತ್ತಾರೆ. ಮರಿಲಿಂಗಪ್ಪನ ಮನೆಯ ಗುರುತು ಅವನ ಮುತ್ತಜ್ಜನ ಕಾಲದ್ದು, ಬಲಗಿವಿಗೆ ಎರಡು ಸೀಳು, ಎಡಗಿವಿಯ ತುದಿಗೆ ಒಂದು ಕಚ್ಚು. ಆ ಸೀಮೆಯಲ್ಲಿ ಬೇರೆ ಯಾರ ಕುರಿಗೂ ಅದಿಲ್ಲ.

ಎರಡು ವರ್ಷದ ಹಿಂದೆ ಗಂಗಾಳಿಗೆ ತಿಂಗಳುಗಟ್ಟಲೆ ರಕ್ತ ನಿಲ್ಲಲಿಲ್ಲ. ಅತ್ತೆ ಹಣಮಮ್ಮ ಹೆಂಗಸರಿಗೆ ಇದು ಇದ್ದದ್ದೇ ಎಂದಳು. ಗಂಡ ಹಣಮೇಶ ಹತ್ತಿ ಬಿಡಿಸಿದ ಮೇಲೆ ನೋಡೋಣ ಎಂದ. ಒಂದು ದಿನ ಗಂಗಾ ತನ್ನ ಕುರಿಯೊಂದನ್ನು ಹಿಂಡಿನಿಂದ ಬಿಡಿಸಿ, ಆಟೋದಲ್ಲಿ ಹಾಕಿಕೊಂಡು, ಯಾದಗಿರಿ ಸಂತೆಯಲ್ಲಿ ಮಾರಿ, ಅಲ್ಲೇ ದವಾಖಾನೆಗೆ ತೋರಿಸಿಕೊಂಡು ಬಂದಳು. ಮಾವ ಸಾಬಣ್ಣನಿಗೂ ಕೇಳಿದ ಉಳಿದವರಿಗೂ ತೋಳ ಒಯ್ದಿತು ಎಂದಳು.

"ಮಾವ ನಂಬಲಿಲ್ಲ. ಮೈಲಾರಲಿಂಗನ ಭಂಡಾರ ತಂದು ಮುಂದ ಇಟ್ಟ. ಮುಟ್ಟಿ ಹೇಳು ಅಂದ."

"ಮುಟ್ಟಿದೇನು?"

"ಮುಟ್ಟಿದೆ. ಜೀವ ಬೇಕಿತ್ತು ವೈನಿ." ಗಂಗಾ ರೊಟ್ಟಿಯನ್ನು ಹಂಚಿಗೆ ಹಾಕಿ ಭಂಡಾರದ ಅರಿಶಿನದಂತೆ ಮೆತ್ತಿದ ಹಿಟ್ಟಿನ ಕೈ ನೋಡಿಕೊಂಡಳು. "ಕುರಿ ನಂದು, ರಕ್ತ ನಂದು. ಆಣಿ ಒಂದೇ ಸುಳ್ಳು. ಆ ಕುರಿ ಆಟೋದಾಗ ನಿಂತು ಹೊಳ್ಳಿ ನೋಡತಿತ್ತು. ಎರಡು ಸೀಳಿನ ಕಿವಿ ಅಷ್ಟ ಕಾಣತಿತ್ತು ನನಗ. ಯಾರಿಗೂ ಹೇಳಿಲ್ಲ. ನಿನಗ ಹೇಳೀನಿ."

ರೇಣುಕಾದೇವಿಯ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದು ನಿಜ. ಅದೇ ಮಧ್ಯಾಹ್ನ ಗಂಗಾ ಬಿಡಿಸಿಕೊಟ್ಟ ಆ ಒಂದು ತಾಸಿನಲ್ಲಿ ಅವಳು ಬರೆಯಲು ಕೂತದ್ದೂ ನಿಜ.

ಗಂಗಾ ದುರ್ಗಾ ಆದಳು. ಸೈದಾಪುರದ ಕಡೆಯ ಗಂಡನ ಊರು ಸುರಪುರದ ಕಡೆಗೆ ಹೋಯಿತು. ಮಾವ ಸಾಬಣ್ಣನಿಗೆ ಬೇರೆ ಹೆಸರು, ಗಂಡನಿಗೆ ಬೇರೆ ಕಸುಬು. ಆಟೋದಲ್ಲಿ ನಿಂತು ಹೊರಳಿ ನೋಡುವ ಕುರಿಯ ಬಳಿಗೆ ಬಂದಾಗ ಅವಳ ಕೈ ತಡೆಯಿತು. ಬೇರೆ ಗುರುತು ಬರೆದು ನೋಡಿದಳು. ಎಡಗಿವಿಗೆ ಒಂದು ತೂತು ಎಂದು ಬರೆದಳು, ಹೊಡೆದು ಹಾಕಿದಳು. ಅವಳು ಕಣ್ಣಾರೆ ಕಂಡ ಕಿವಿ ಒಂದೇ. ಅದನ್ನೇ ಬರೆದಳು.

ಕಥೆ ಹೋದ ಹತ್ತನೆಯ ದಿನಕ್ಕೆ ಸಂಪಾದಕರು ತಾವಾಗಿಯೇ ಫೋನ್ ಮಾಡಿದರು. "ತಗೊಂಡಿದ್ದೇವೆ ಮೇಡಂ. ಆ ಕುರಿ ಕಿವಿಯ ವಿವರ ಇದೆಯಲ್ಲ, ಅದೊಂದಕ್ಕೇ ತಗೊಂಡೆವು ಅಂದರೂ ನಡೆಯುತ್ತದೆ. ಅಂಥದ್ದನ್ನು ಕೂತಲ್ಲೇ ಕಟ್ಟಲು ಬರುವುದಿಲ್ಲ." ಎಳ್ಳಮಾವಾಸ್ಯೆಯ ಸುಮಾರಿಗೆ ಬರುತ್ತದೆ ಎಂದರು.

ಅಂದು ರಾತ್ರಿಯ ಊಟಕ್ಕೆ ಅವಳು ಶೇಂಗಾ ಹೋಳಿಗೆ ಮಾಡಿದಳು. ಮಲ್ಲಿಕಮ್ಮ ಹಬ್ಬ ಯಾವುದೆಂದು ಕೇಳಿದಾಗ ಕಥೆ ಒಪ್ಪಿದರು ಎಂದಳು. ಮಲ್ಲಿಕಮ್ಮ ಎರಡನೆಯ ಹೋಳಿಗೆ ತಗೊಂಡು, "ತಿಂಗಳಾ ಒಪ್ಪಲಿ," ಎಂದಳು. ಯಾರ ಕಥೆ, ಏನು ಕಥೆ ಎಂದು ಆಗಲೂ ಯಾರೂ ಕೇಳಲಿಲ್ಲ. ಗಂಗಾ ಮಾತ್ರ, "ನಮ್ಮ ವೈನಿ ಹೆಸರು ಪೇಪರನ್ಯಾಗ," ಎಂದು ಹೋಳಿಗೆಗೆ ತುಪ್ಪ ಹಚ್ಚಿಕೊಡುತ್ತ ಎರಡೆರಡು ಸಲ ಅಂದಳು. ಆಗಲಾದರೂ ಹೇಳಬಹುದಿತ್ತು. ರೇಣುಕಾದೇವಿ ಹೇಳಲಿಲ್ಲ.

ಇತ್ತ ಗಂಗಾಳ ವ್ಯಾಜ್ಯ ಒಂದು ದಾರಿಗೆ ಬರುತ್ತಿತ್ತು. ಅವಳು ಗಂಡನ ಮನೆ ಬಿಟ್ಟದ್ದೇ ಆ ಕುರಿಗಳ ಸಲುವಾಗಿ. ಸಾಬಣ್ಣನ ಮನೆಯ ಗುರುತು ಮೋಟುಗಿವಿ, ಅಂದರೆ ಎರಡೂ ಕಿವಿ ಅರ್ಧಕ್ಕೆ ಕತ್ತರಿಸುವುದು. ಮುಂಗಾರಿನ ಹೊತ್ತಿಗೆ ಅವರು ಗಂಗಾಳ ಒಂಬತ್ತು ಕುರಿಗಳ ಕಿವಿಯನ್ನೂ, ಅವುಗಳ ಮರಿಗಳ ಕಿವಿಯನ್ನೂ ಅರ್ಧಕ್ಕೆ ಕತ್ತರಿಸಿಬಿಟ್ಟರು. ಸೀಳೂ ಹೋಯಿತು, ಕಚ್ಚೂ ಹೋಯಿತು. ಇವು ನನ್ನ ಬಳುವಳಿ ಎಂದು ಅಡ್ಡ ನಿಂತ ಗಂಗಾಳನ್ನು ಹಣಮೇಶ ಕತ್ತರಿ ಹಿಡಿದ ಕೈಯಿಂದಲೇ ಹೊಡೆದ. ಅವಳು ಉಟ್ಟ ಸೀರೆಯಲ್ಲಿ ತವರಿಗೆ ಬಂದಳು.

ಕಡೆಗೆ ಹಿರಿಯರು ಒಂದು ಮಾತಿಗೆ ಬಂದಿದ್ದರು. ಎಳ್ಳಮಾವಾಸ್ಯೆ ಮುಗಿದ ಮೂರನೆಯ ದಿನ ಸಾಬಣ್ಣನ ಊರಿನ ಗುಡಿಯ ಮುಂದೆ ಹಿಂಡು ನಿಲ್ಲಿಸುವುದು. ಗುರುತು ಇಲ್ಲವಾದ್ದರಿಂದ ಗಂಗಾ ಮುಖ ನೋಡಿ ತನ್ನ ಕುರಿ ಆರಿಸುವುದು. ಭಂಡಾರ ಮುಟ್ಟಿ ಇವು ನನ್ನವು ಎನ್ನುವುದು. ಎಂದರೆ ಅವು ಅವಳವು, ಹೊಡೆದುಕೊಂಡು ಹೋಗಬಹುದು.

"ಹಿಂಡ ಬಂದ್ರ ನಾ ಯಾರಿಗೂ ಭಾರ ಆಗಂಗಿಲ್ಲ," ಎಂದು ಗಂಗಾ ತಾಯಿಗೆ ಹೇಳಿದಳು. "ನನ್ನ ಕುರಿ, ನನ್ನ ಹೊಟ್ಟಿ. ನಿನ್ನ ಮಗನ ಮುಂದ ಕೈ ಒಡ್ಡಂಗಿಲ್ಲ."

"ಭಾರ ಅಂತ ಯಾರಂದಾರ?" ಎಂದಳು ಮಲ್ಲಿಕಮ್ಮ. ಅಂದವಳು ಅವಳೇ, ವಾರಕ್ಕೆರಡು ಸಲ.

ರೇಣುಕಾದೇವಿ ಒಬ್ಬಳೇ ಇದ್ದಾಗ ಗಂಗಾ ಮೆಲ್ಲಗೆ ಅಂದಳು: "ಈ ಸಲ ಖರೆ ಆಣಿ ವೈನಿ. ಹಿಂದಿನ ಸುಳ್ಳಿಗೆ ಇದು ವಜಾ ಆಗತೈತಿ."

ಅಂದು ರೇಣುಕಾದೇವಿ ರೊಟ್ಟಿ ಬುಟ್ಟಿ ಇಳಿಸಿ ಮುಬೀನಾಳ ಅಂಗಡಿಯಲ್ಲಿ ಕೂತಳು. ಆ ಕಥೆ ಗಂಗಾಳದೇ ಎಂದು ಹೇಳಿದಳು.

ಮುಬೀನಾ ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಆಕೀಗೆ ಕೇಳಿದ್ಯಾ ಬರಿಯೋ ಮುಂದ?"

"ಹೆಸರು ಬದಲ್ ಮಾಡೀನಲ್ಲ."

"ಹೆಸರು ಬಿಡು. ಆಕೀಗೆ ಕೇಳಿದ್ಯಾ?"

"ಕುರಿ ಕಾಯೋ ಮಂದಿ ಭಾನುವಾರದ ಪುರವಣಿ ಯಾವಾಗ ಓದತಾರ ಮುಬೀನಾ?"

"ಬ್ಯಾಡ ಅಂದ್ರ ಈಗ ಮೇಲ್ ಹಾಕತೀನಿ. ಎರಡು ಸಾಲು. ಕಥಿ ಹಿಂದ ತಗೋತೀವಿ ಅಂತ. ಮುಂದ ಇನ್ನೊಂದು ಬರಿ."

ಹೊರಗೆ ಕಾಲೇಜು ಹುಡುಗನೊಬ್ಬ ಆಧಾರ್ ಕಾರ್ಡ್ ಹಿಡಿದು ನಿಂತಿದ್ದ. ಮುಬೀನಾ ಅವನನ್ನು ಕಾಯಿಸಿದಳು. ಹದಿನೆಂಟು ಕಡೆ ಕಳಿಸಿ ಒಂದು ಕಡೆ ಒಪ್ಪಿದ್ದಾರೆ, ಇದನ್ನು ಹಿಂದೆ ತಗೊಂಡರೆ ಆ ಸಂಪಾದಕರು ಇನ್ನೊಮ್ಮೆ ನನ್ನ ಹೆಸರು ಕಂಡರೆ ತೆರೆದೂ ನೋಡುವುದಿಲ್ಲ ಎಂದು ರೇಣುಕಾದೇವಿಗೆ ಅನಿಸಿತು. ಆಸೆಗೆ ನಾಚಿಕೆ ಇಲ್ಲ ಎಂಬುದು ಸುಳ್ಳು. ಅವಳಿಗೆ ನಾಚಿಕೆ ಆಯಿತು, ಆದರೂ ಹೇಳಿದಳು.

"ಇರ್ಲಿ ಬಿಡು."

ಎಳ್ಳಮಾವಾಸ್ಯೆಯ ಹಿಂದಿನ ಭಾನುವಾರ ಕಥೆ ಬಂತು. ಚಿತ್ರವನ್ನೂ ಹಾಕಿದ್ದರು, ಒಂದು ಕುರಿ, ಒಬ್ಬ ಹೆಂಗಸು. ಕೆಳಗೆ 'ರೇಣುಕಾದೇವಿ ಶಿವಶರಣ, ಭೀಮರಾಯನಗುಡಿ' ಎಂದಿತ್ತು. ಶಿವಶರಣ ಅಂದು ಓವರ್‌ಟೈಮಿನ ಸಲುವಾಗಿ ಸೈದಾಪುರದಲ್ಲೇ ಉಳಿದಿದ್ದ. ಚಹಾದಂಗಡಿಯಲ್ಲಿ ಶಹಾಪುರದ ಸೂಪರ್‌ವೈಸರ್ ಪೇಪರ್ ತೋರಿಸಿ, "ಇವ್ರು ನಿಮ್ಮ ಮನಿಯವ್ರೇನು?" ಎಂದು ಕೈ ಕುಲುಕಿದ. ಸೂಪರ್‌ವೈಸರ್ ಅವನ ಕೈ ಕುಲುಕಿದ್ದು ಅದೇ ಮೊದಲು. ಶಿವಶರಣನಿಗೆ ಎದೆ ಉಬ್ಬಿತು. ಓದುವ ತಾಳ್ಮೆ ಅವನಿಗೆ ಹುಟ್ಟಿನಿಂದ ಇರಲಿಲ್ಲ. ಫೋಟೋ ತೆಗೆದು, 'ನನ್ನ ಹೆಂಡತಿ ಬರೆದ ಕಥೆ, ಎಲ್ಲರೂ ಓದಿರಿ' ಎಂದು ಬರೆದು, ಬೀಗರ ವಾಟ್ಸಾಪ್ ಗುಂಪಿಗೆ ಹಾಕಿದ.

ಆ ಗುಂಪು ಗಂಗಾಳ ಮದುವೆಯ ಕಾಲಕ್ಕೆ ಮಾಡಿದ್ದು. ಜಗಳವಾದ ಮೇಲೆ ಅದರಲ್ಲಿ ಯಾರೂ ಮಾತಾಡಿರಲಿಲ್ಲ. ಆದರೆ ಹಣಮೇಶನನ್ನು ಯಾರೂ ತೆಗೆದೂ ಇರಲಿಲ್ಲ. ತೆಗೆದರೆ ಸಂಬಂಧ ಹರಿದಂತೆ ಎಂದು ಎಲ್ಲರೂ ಹಾಗೇ ಬಿಟ್ಟಿದ್ದರು. ಹಣಮೇಶನೂ ಓದುವವನಲ್ಲ. ಅವನ ತಂಗಿ ಪವಿತ್ರಾ ಯಾದಗಿರಿಯಲ್ಲಿ ಡಿಗ್ರಿ ಓದುವವಳು. ಅವಳು ಓದಿದಳು, ಅಪ್ಪನಿಗೂ ಓದಿ ಹೇಳಿದಳು. ಇತ್ತ ಪೇಪರ್ ಬಾರದ ಮನೆಯಲ್ಲಿ ರೇಣುಕಾದೇವಿ ಅದನ್ನು ಯಾರಿಗೂ ತೋರಿಸಲಿಲ್ಲ.

ಪಂಚಾಯಿತಿಗೆ ಮನೆಮಂದಿಯೆಲ್ಲ ಹೋದರು. ಮರಿಲಿಂಗಪ್ಪ ಹೊಸ ಕಂಬಳಿ ಹೊದ್ದಿದ್ದ. ಕುರಿ ಹೊಡೆದುಕೊಂಡು ಬರಲು ಬೇಕಾಗುತ್ತದೆಂದು ಗಂಗಾ ದಾರಿಯ ಬುತ್ತಿ ಕಟ್ಟಿಕೊಂಡಿದ್ದಳು, ಸಜ್ಜೆ ರೊಟ್ಟಿ, ಹಿಂಡಿ, ಒಂದು ಬಾಟಲಿ ಮಜ್ಜಿಗೆ. ಗುಡಿಯ ಮುಂದೆ ಹಿಂಡು ನಿಂತಿತ್ತು, ಎಲ್ಲವೂ ಮೋಟುಗಿವಿ. ಗಂಗಾಳ ದನಿ ಕೇಳಿ ಎರಡು ಮುದಿ ಕುರಿ ತಾವಾಗಿಯೇ ಹಗ್ಗದ ಹತ್ತಿರ ಬಂದವು. ಗುಡಿಯ ಹಿರಿಯ ಅದನ್ನು ಕಂಡು ತಲೆ ಆಡಿಸಿದ. ತಟ್ಟೆಯಲ್ಲಿ ಭಂಡಾರ ಬಂತು.

"ತಡೀರಿ," ಎಂದ ಸಾಬಣ್ಣ. ಕಿಸೆಯಿಂದ ಮಡಚಿದ ಪೇಪರ್ ತೆಗೆದ. "ಆಣಿ ಮಾಡೋ ಮುಂದ ಒಂದು ಕಥಿ ಕೇಳೂಣು. ಬರದಾಕಿ ಇಲ್ಲೇ ಬಂದಾಳ. ಓದು ಯವ್ವಾ."

ಪೇಪರನ್ನು ರೇಣುಕಾದೇವಿಯ ಕೈಗಿಟ್ಟ. ನಾಲ್ಕು ಮಂದಿಯ ಮುಂದೆ ನಿಂತು ತನ್ನ ಬರಹ ಓದಬೇಕೆಂದು ಅವಳು ಎಷ್ಟೋ ಸಲ ಕನಸು ಕಂಡಿದ್ದಳು. ಕನಸಿನಲ್ಲಿ ಮೈಕು ಇತ್ತು, ಶಾಲು ಇತ್ತು. ಇಲ್ಲಿ ಎರಡು ಹಳ್ಳಿಯ ಗಂಡಸರು ಕಾಲು ಮಡಚಿ ಕೂತಿದ್ದರು. ಗಂಡ ಹೆಮ್ಮೆಯಿಂದ, "ಓದು, ಅಂಜಬ್ಯಾಡ," ಎಂದ. ಅವನು ಆಗಲೂ ಓದಿರಲಿಲ್ಲ.

ಅವಳು ಓದಿದಳು. ದುರ್ಗಾಳ ರಕ್ತ ನಿಲ್ಲದ್ದು ಓದಿದಳು. ಕುರಿ ಮಾರಿದ್ದು ಓದಿದಳು. ಭಂಡಾರ ಮುಟ್ಟಿ ತೋಳವೆಂದದ್ದು ಓದಿದಳು. ಅಷ್ಟರಲ್ಲಿ ಮಲ್ಲಿಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಗಂಗಾ ಮಾತ್ರ ರೇಣುಕಾದೇವಿಯ ಮುಖವನ್ನೇ ನೋಡುತ್ತ ಕೂತಿದ್ದಳು. ಕಡೆಗೆ ಆಟೋದ ಕುರಿ ಬಂತು. "ಬಲಗಿವಿಗೆ ಎರಡು ಸೀಳು, ಎಡಗಿವಿಯ ತುದಿಗೆ ಒಂದು ಕಚ್ಚು," ಎಂದು ಓದಿ ರೇಣುಕಾದೇವಿ ನಿಲ್ಲಿಸಿದಳು.

"ಅದು ಕಥಿ," ಎಂದ ಮರಿಲಿಂಗಪ್ಪ ಎದ್ದು ನಿಂತು. "ಹೆಸರು ಬ್ಯಾರೆ ಐತಿ, ಊರು ಬ್ಯಾರೆ ಐತಿ. ಕಟ್ಟಿ ಬರದದ್ದಕ್ಕ ಪಂಚಾಯ್ತಿ ಮಾಡತೀರೇನು?"

"ಕಟ್ಟಿದ ಕಥಿಗೆ ನಿಮ್ಮ ಮನಿ ಕಿವಿ ಯಾಕ ಬಂತು ಬೀಗ್ರ?" ಎಂದ ಸಾಬಣ್ಣ. "ಸೀಮ್ಯಾಗ ಇನ್ಯಾರಿಗೆ ಐತಿ ಆ ಗುರ್ತು? ನೀವ ಹೇಳ್ರಿ."

ಕುರಿಗಾರರ ನಡುವೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕುರಿಯ ಮೈಮೇಲಿಂದ ಕತ್ತರಿಸಿ ಹಾಕಿದ ಗುರುತನ್ನು ಸಾಬಣ್ಣ ಪೇಪರಿನಿಂದ ತೆಗೆದು ತೋರಿಸಿದ್ದ. ಕತ್ತರಿಸಿದವರು ಯಾರು ಎಂದು ಆ ಹೊತ್ತಿನಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಹಿರಿಯ ಭಂಡಾರದ ತಟ್ಟೆಯನ್ನು ರೇಣುಕಾದೇವಿಯ ಕಡೆ ಸರಿಸಿದ. "ಕಟ್ಟಿದ್ದು ಅಂದ್ರ ಮುಟ್ಟಿ ಕಟ್ಟಿದ್ದು ಅನ್ನು ಯವ್ವಾ. ಇಲ್ಲಿಗೇ ಬಿಡತೀವಿ."

ಒಂದು ಬೆರಳು ಮುಂದೆ ಮಾಡಿದ್ದರೆ ಸಾಕಿತ್ತು. ರೇಣುಕಾದೇವಿ ತಟ್ಟೆ ನೋಡಿದಳು. ಕೈ ಎತ್ತಬೇಕು ಎಂದುಕೊಂಡಳು, ಖಂಡಿತ ಅಂದುಕೊಂಡಳು. ಕೈ ಪೇಪರನ್ನು ಹಿಡಿದೇ ಇತ್ತು. ಗುಡಿಯ ಮುಂದಿನ ಮಂದಿಯೆಲ್ಲ ಆ ಕೈಯನ್ನೇ ನೋಡುತ್ತಿದ್ದರು.

"ಆಕೀಗೆ ಮುಟ್ಟಸಬ್ಯಾಡ್ರಿ," ಎಂದಳು ಗಂಗಾ. "ಖರೆ ಐತಿ. ನಾನ ಮಾರೀನಿ. ನನ್ನ ಕುರಿ ನಾ ಮಾರೀನಿ."

"ಕುರಿ ನಿಂದ ಇರಬಹುದು," ಎಂದ ಹಿರಿಯ. "ಒಮ್ಮಿ ಸುಳ್ಳಿಗೆ ಭಂಡಾರ ಮುಟ್ಟಿದ ಕೈ ಮತ್ತ ಮುಟ್ಟಿದ್ರ ನಾವು ಹೆಂಗ ನಂಬೋದು?"

"ರಕ್ತ ಹೋಗಿ ಸಾಯತಿದ್ದಾಗ ಯಾರ್ರಿ ನಂಬಿದ್ರು ನನ್ನ?"

ಹಿರಿಯರು ತಮ್ಮೊಳಗೇ ಮಾತಾಡಿಕೊಂಡರು. ತೀರ್ಮಾನ ಹೇಳಿದರು. ಹಿಂಡು ಇದ್ದಲ್ಲೇ ಇರತಕ್ಕದ್ದು. ಗಂಗಾ ತಪ್ಪುಕಾಣಿಕೆ ಕಟ್ಟಿ ಅತ್ತೆ ಮಾವನ ಕಾಲು ಹಿಡಿದರೆ ಒಳಗೆ ಬರಬಹುದು. ಇಲ್ಲವಾದರೆ ಸಂಬಂಧ ಕಡಿದಂತೆ. ಗಂಗಾ ಎದ್ದು ಬಸ್ಸಿನ ದಾರಿ ಹಿಡಿದಳು. ಹಗ್ಗದ ಹತ್ತಿರ ನಿಂತಿದ್ದ ಆ ಎರಡು ಕುರಿಗಳು ಅವಳು ಮರೆಯಾಗುವ ತನಕ ಕೂಗಿದವು. ಬುತ್ತಿ ಗುಡಿಯ ಕಟ್ಟೆಯ ಮೇಲೇ ಉಳಿಯಿತು.

ಮನೆಗೆ ಬಂದ ಮೇಲೆ ಬಯ್ಗುಳ ಎಷ್ಟೋ ಬರಬೇಕಿತ್ತು, ಬಂದದ್ದು ಸ್ವಲ್ಪ. ಶಿವಶರಣ ಮೊದಲ ಸಲ ಕಥೆ ಪೂರ್ತಿ ಓದಿದ. ಪೇಪರ್ ನೆಲಕ್ಕೆ ಒಗೆದು, "ನಿನಗ ನಮ್ಮ ಮನೀನ ಸಿಕ್ತೇನು ಬರಿಯಾಕ?" ಎಂದ.

"ಹಾಕಿದವ ನೀನಲ್ಲೇನು ಆ ಗುಂಪಿಗೆ?" ಎಂದು ಮಲ್ಲಿಕಮ್ಮ ಮಗನ ಮೇಲೆ ತಿರುಗಿದಳು. "ಓದಲಾರದ ಹಾಕಿದ್ಯಲ್ಲ, ಮೂಳ. ಬೇಲಿನೂ ಹೊಲ ಮೇಯ್ತು, ಕಾಯೋ ನಾಯಿನೂ ಕರದು ತೋರಿಸ್ತು." ಆಮೇಲೆ ಸೊಸೆಯ ಕಡೆ ನೋಡದೆ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕಿದಳು. 'ಬಂದಿದ್ದು' ಎಂಬ ಗೆರೆಯೊಳಗೆ ರೇಣುಕಾದೇವಿ ಹಾಕಿದ್ದ ಒಂದೇ ಒಂದು ಸರಿ ಗುರುತೂ ಅದರ ಜೊತೆ ಸುಟ್ಟಿತು.

ಗಂಗಾ ಬಯ್ಯಲಿಲ್ಲ. ಮರುದಿನ ತನ್ನ ಪಾಲಿನ ರೊಟ್ಟಿ ಎಣಿಸಿ ಬಡಿದು ಎದ್ದಳು. ರೇಣುಕಾದೇವಿಯ ಪಾಲು ರೇಣುಕಾದೇವಿಗೇ ಉಳಿಯಿತು. ಒಂದು ವಾರ ಇಬ್ಬರೂ ಒಂದೇ ಒಲೆಯ ಮುಂದೆ ಕೂತರು, 'ಹಿಟ್ಟು ಸರಸು', 'ಉರಿ ಸಣ್ಣ ಮಾಡು' ಎಂಬುದರ ಆಚೆ ಮಾತಿರಲಿಲ್ಲ. ಎಂಟನೆಯ ದಿನ ರೇಣುಕಾದೇವಿಯೇ ಅತ್ತಳು.

"ನನಗ ಬಯ್ಯಿ ಗಂಗಾ. ಹೊಡಿ ಬೇಕಾರ."

"ಯಾಕ ಬಯ್ಯಲಿ? ಛಲೋ ಬರದೀದಿ. ನಾ ಅಷ್ಟು ಛಂದಾಗಿ ಹೇಳಿರಲಿಲ್ಲ."

"ಹೆಸರು ಬದಲ್ ಮಾಡಿದ್ದೆ..."

"ವೈನಿ, ಬರದದ್ದು ನಾ ಬಿಟ್ಟೀನಿ. ನಾ ಸಾಯಬಾರದಂತ ನನ್ನ ಕೈ ಆ ಭಂಡಾರಕ್ಕ ಹೋಗಿತ್ತು. ನನ್ನ ಸಲುವಾಗಿ ನಿನ್ನ ಕೈ ಹೋಗಲಿಲ್ಲ. ಅಷ್ಟ." ಗಂಗಾ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಬರೂ ಸೋಮವಾರದಿಂದ ನಾ ಕಡೇಚೂರಿಗೆ ಹೊಂಟೀನಿ. ಅಣ್ಣನ ಫ್ಯಾಕ್ಟರ್ಯಾಗ ಕಸ ಹೊಡಿಯೋ ಕೆಲಸ ಐತಂತ."

ಸಂಕ್ರಾಂತಿ ಕಳೆದ ಮೇಲೆ ಸಂಪಾದಕರ ಫೋನ್ ಬಂತು. ಓದುಗರ ಪತ್ರ ಬಹಳ ಬಂದಿವೆ, ಆ ದುರ್ಗಾಳಿಗೆ ಮುಂದೆ ಏನಾಯಿತು ಎಂದು ಎಲ್ಲರೂ ಕೇಳುತ್ತಿದ್ದಾರೆ, ಯುಗಾದಿ ಸಂಚಿಕೆಗೆ ಇನ್ನೊಂದು ಕೊಡಿ ಎಂದರು. ಹದಿನೆಂಟು ಕಡೆ ಬಾಗಿಲು ಬಡಿದವಳ ಬಾಗಿಲನ್ನು ಈಗ ಅವರೇ ಬಡಿಯುತ್ತಿದ್ದರು. ರೇಣುಕಾದೇವಿ ನೋಡುತ್ತೇನೆ ಎಂದಳು. ಆಗುವುದಿಲ್ಲ ಎನ್ನಲಿಲ್ಲ. ಅದನ್ನು ಒಳಗಿನಿಂದ ಮರಿಲಿಂಗಪ್ಪ ಕೇಳಿಸಿಕೊಂಡ.

ಮುಂದಿನ ಭಾನುವಾರ ಮುಂಜಾನೆ ಅವನು ಹಿತ್ತಲಲ್ಲಿ ಕೂತು ಕತ್ತರಿ ಮಸೆಯುತ್ತಿದ್ದ. ಆ ವರ್ಷದ ಹದಿಮೂರು ಮರಿಗಳಿಗೆ ತಿಂಗಳು ತುಂಬಿತ್ತು. ಪ್ರತಿ ವರ್ಷ ಮರಿ ಹಿಡಿಯುವುದು ಸೊಸೆಯ ಕೆಲಸ, ಸುಟ್ಟ ಅರಿಶಿನ ಮತ್ತು ಎಣ್ಣೆ ಹಚ್ಚುವುದೂ ಅವಳೇ. ರೇಣುಕಾದೇವಿ ಎಣ್ಣೆಯ ಬಟ್ಟಲು ಹಿಡಿದು ಬಂದಳು. ರಜೆಗೆ ಮನೆಗೆ ಬಂದಿದ್ದ ಗಂಗಾ ಮೊದಲ ಮರಿಯನ್ನು ಆಗಲೇ ತೊಡೆಯ ನಡುವೆ ಹಿಡಿದು ಕೂತಿದ್ದಳು.

"ಮುತ್ತ್ಯಾನ ಗುರ್ತು ಇವತ್ತಿಗಿ ಮುಗೀತು," ಎಂದ ಮರಿಲಿಂಗಪ್ಪ, ಯಾರಿಗೆಂದಿಲ್ಲದೆ. "ಸಂತ್ಯಾಗ ಮಂದಿ ಕಿವಿ ಹಿಡದು ನೋಡಿ ನಗತಾರ, ಇದು ಪೇಪರಿನ ಕುರಿ ಅಂತ. ಹೊಸಾದು ಮಾಡಬೇಕು."

"ಎಂಥಾದ್ದು ಮಾವ?" ಎಂದು ರೇಣುಕಾದೇವಿ ಬಾಗಿದಳು.

ಮರಿಲಿಂಗಪ್ಪ ಮರಿಯ ಕಿವಿಯನ್ನು ಅಂಗೈಯಲ್ಲಿ ಮುಚ್ಚಿದ. ಅವಳು ಮನೆಗೆ ಬಂದ ಹದಿಮೂರು ವರ್ಷದಲ್ಲಿ ಅವನು ಸೊಸೆಗೆ ಒಂದು ಗಟ್ಟಿ ಮಾತು ಆಡಿದವನಲ್ಲ, ಈಗಲೂ ಆಡಲಿಲ್ಲ.

"ನೀ ಒಳಗ ಹೋಗು ಯವ್ವಾ," ಎಂದ.

ಅವಳು ಗಂಗಾಳನ್ನು ನೋಡಿದಳು. ಗಂಗಾ ಕೈ ಚಾಚಿ ಎಣ್ಣೆಯ ಬಟ್ಟಲು ಇಸಿದುಕೊಂಡಳು. ರೇಣುಕಾದೇವಿ ಒಳಗೆ ಬಂದಳು, ಹಿತ್ತಲ ಬಾಗಿಲನ್ನು ಹಿಂದಿನಿಂದ ಯಾರೋ ಎಳೆದುಕೊಂಡರು. ಅಡುಗೆಮನೆಯಲ್ಲಿ ಹಿಟ್ಟಿನ ಪರಾತ ಹಾಗೇ ಇತ್ತು. ಅವಳು ಅದರ ಮುಂದೆ ಕೂತಳು.

ಕತ್ತರಿ ತಾಗಿ ಮೊದಲ ಮರಿ ಒಂದು ಸಲ ಅರಚಿತು. ಆಮೇಲೆ ಮರಿಯನ್ನು ಮಗ್ಗುಲು ಬದಲಿಸಿ ಇನ್ನೊಂದು ಕಿವಿ ಹಿಡಿಯುವಷ್ಟು ಹೊತ್ತು ಬಿಟ್ಟು ಮೂರು ಸಲ ಅರಚಿತು. ಎರಡನೆಯದೂ ಹಾಗೆಯೇ, ಒಂದು, ಆಮೇಲೆ ಮೂರು. ಎಣಿಸಬಾರದು ಎಂದು ರೇಣುಕಾದೇವಿ ಗಟ್ಟಿಯಾಗಿ ರೊಟ್ಟಿ ಬಡಿಯತೊಡಗಿದಳು. ಮೂರನೆಯ ಮರಿಯ ಹೊತ್ತಿಗೆ ಮನೆಯ ಹೊಸ ಗುರುತು ಅವಳಿಗೆ ಗೊತ್ತಾಗಿಹೋಗಿತ್ತು.